ಹಿತ್ತಲ ಮರೆಗೆ ಹುಲ್ಲು: ನರ್ಸರಿಗೆ ಹೋಗುವ ಮುನ್ನ

ಮಾನ್ಯ ಸಂಪಾದಕರೇ,

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಹೊಸ ಬಡಾವಣೆಗಳಲ್ಲಿ ಹಿತ್ತಲಿಗೆ ಮರೆಯೇ ಇಲ್ಲದಂತಾಗಿದೆ. ಒಂದು ಮನೆಯ ಬಟ್ಟೆ ಒಗೆಯುವ ಕಲ್ಲು ಪಕ್ಕದ ಮನೆಯ ಅಡುಗೆಮನೆ ಕಿಟಕಿಗೆ ನೇರವಾಗಿರುತ್ತದೆ. ತಲೆಗೆ ಎಣ್ಣೆ ಹಚ್ಚಿಕೊಂಡು ಎಳೆಬಿಸಿಲಿಗೆ ಕೂರಬೇಕೆಂದರೂ ಹೆಂಗಸರು ನಾಲ್ಕು ಕಡೆ ನೋಡಬೇಕು. ಕಾಂಪೌಂಡಿನ ಮೇಲೆ ಹಸಿರು ನೆಟ್ ಕಟ್ಟಿದರೆ ಒಂದೆರಡು ಬೇಸಿಗೆಯಲ್ಲಿ ಬಿಸಿಲಿಗೆ ಪುಡಿಯಾಗಿ ಜೋತಾಡುತ್ತದೆ. ತಗಡು ಹೊಡೆದರೆ ಆಷಾಢದ ಗಾಳಿಗೆ ರಾತ್ರಿಯೆಲ್ಲ ಬಡಿದುಕೊಳ್ಳುತ್ತದೆ. ಹೀಗಾಗಿ ಈಚೆಗೆ ಜನ ಅಲಂಕಾರದ ಹುಲ್ಲಿನ ಕಡೆ ತಿರುಗಿದ್ದಾರೆ. ಅದು ಸರಿಯಾದ ಯೋಚನೆಯೇ. ಆದರೆ ಚಿತ್ರ ನೋಡಿ ಮೆಚ್ಚಿ ತರುವ ಹುಲ್ಲಿನಲ್ಲಿ ಬಹಳಷ್ಟು ನಮ್ಮ ನೀರಿಗೆ, ನಮ್ಮ ಮಣ್ಣಿಗೆ ಒಗ್ಗುವಂಥದ್ದಲ್ಲ. ಕೆಲವಂತೂ ಮನೆಯ ಹಿತ್ತಲಲ್ಲಿ ನಿಲ್ಲದೆ ಊರ ಕೆರೆಗೇ ಹೊರಟುಬಿಡುತ್ತವೆ. ಮಳೆಗಾಲಕ್ಕೆ ನೆಡುವವರಿಗೆ ಉಪಯೋಗವಾಗಲೆಂದು ಈ ಪತ್ರ.

ಹುಲ್ಲಿನ ಜಾತಿಗಿಂತ ಮೊದಲು ಗೊತ್ತಾಗಬೇಕಾದದ್ದು ಎತ್ತರ. ಎಷ್ಟು ಎತ್ತರದ ಮರೆ ಬೇಕು ಎಂದು ಅಳೆಯದೆ ಗಿಡ ತಂದು ಆಮೇಲೆ ಪೇಚಾಡುವವರೇ ಹೆಚ್ಚು. ಒಂದು ಉದಾಹರಣೆ ನೋಡಿ. ಪಕ್ಕದ ಮನೆಯ ಮಹಡಿ ಕಿಟಕಿಯಲ್ಲಿ ನಿಂತವರ ಕಣ್ಣು ನೆಲದಿಂದ 15 ಅಡಿ ಮೇಲಿದೆ, ಆ ಕಿಟಕಿ ಕಾಂಪೌಂಡಿನಿಂದ ಆಚೆಗೆ 5 ಅಡಿ. ನಿಮ್ಮ ಒಗೆಯುವ ಕಲ್ಲು ಕಾಂಪೌಂಡಿನಿಂದ ಈಚೆಗೆ 7 ಅಡಿ, ಅಲ್ಲಿ ನಿಂತವರ ತಲೆ 5 ಅಡಿ ಎತ್ತರದಲ್ಲಿದೆ ಎಂದುಕೊಳ್ಳಿ. ಕಿಟಕಿಯಿಂದ ಕಲ್ಲಿಗೆ ಅಡ್ಡಡ್ಡ 12 ಅಡಿ ದೂರ, ಅಷ್ಟರಲ್ಲಿ ನೋಟ 10 ಅಡಿ ಇಳಿಯುತ್ತದೆ. ಕಾಂಪೌಂಡಿನ ಬಳಿ ಆ ನೋಟ ಸುಮಾರು 11 ಅಡಿ ಎತ್ತರದಲ್ಲಿ ಹಾದುಹೋಗುತ್ತದೆ. ಅಲ್ಲಿ ಗೋಡೆಗೆ ಒತ್ತಿ ಹುಲ್ಲು ನೆಟ್ಟರೆ ಅದು 11 ಅಡಿ ಬೆಳೆಯಬೇಕು. ಆ ಎತ್ತರಕ್ಕೆ ಬೆಳೆದು ವರ್ಷವಿಡೀ ದಟ್ಟವಾಗಿ ನಿಲ್ಲುವುದು ಬಿದಿರು ಮಾತ್ರ. ಅದೇ ಸಾಲನ್ನು ಕಲ್ಲಿನಿಂದ ಬರೀ 2 ಅಡಿ ದೂರಕ್ಕೆ ತಂದರೆ ಬೇಕಾಗುವ ಎತ್ತರ 6 ಅಡಿ 8 ಇಂಚಿಗೆ ಇಳಿಯುತ್ತದೆ. ನೆಲವನ್ನು ಒಂದು ಒಂದೂವರೆ ಅಡಿ ಏರುಮಡಿ ಮಾಡಿಕೊಂಡರೆ 5–6 ಅಡಿ ಬೆಳೆಯುವ ಹುಲ್ಲೇ ಸಾಕು. ಮರೆ ಯಾವಾಗಲೂ ಗೋಡೆಗೆ ಅಂಟಿಕೊಂಡೇ ಇರಬೇಕು ಎಂಬ ಹಟ ಬಿಟ್ಟರೆ ಅರ್ಧ ಖರ್ಚು, ಅರ್ಧ ನೀರು ಉಳಿಯುತ್ತದೆ. ಒಬ್ಬರು ಕಲ್ಲಿನ ಹತ್ತಿರ ನಿಂತು, ಇನ್ನೊಬ್ಬರು ಉದ್ದನೆಯ ಕೋಲು ಹಿಡಿದು ಹಿಂದೆ ಮುಂದೆ ಸರಿಯುತ್ತ, ಕೋಲಿನ ತುದಿ ಆ ಕಿಟಕಿಯನ್ನು ಎಲ್ಲಿ ಮುಚ್ಚುತ್ತದೆ ಎಂದು ನೋಡಿದರೆ ಹತ್ತು ನಿಮಿಷದಲ್ಲಿ ಈ ಲೆಕ್ಕ ಮುಗಿಯುತ್ತದೆ.

ನೆಲದಿಂದ ನೆಲಕ್ಕೆ ನೋಡುವವರ ಮರೆಗಾದರೆ ಲೆಕ್ಕ ಇನ್ನೂ ಸುಲಭ. ಪಕ್ಕದ ಸೈಟನ್ನು ಎರಡಡಿ ಎತ್ತರಿಸಿ ಮನೆ ಕಟ್ಟಿದ್ದರೆ ಆ ಎರಡಡಿ ಸೇರಿಸಿಕೊಳ್ಳುವುದನ್ನು ಮಾತ್ರ ಮರೆಯಬಾರದು.

ಇನ್ನು ಯಾವ ಹುಲ್ಲು? ನಮ್ಮ ಭಾಗಕ್ಕೆ ಲಾವಂಚವೇ ಮೊದಲು, ಮಿಕ್ಕದ್ದೆಲ್ಲ ಆಮೇಲೆ. ಮಡಿಕೆ ನೀರಿಗೆ ಹಾಕುವ ಪರಿಮಳದ ಬೇರಿನ ಅದೇ ಲಾವಂಚ. ಎಲೆ 5–6 ಅಡಿ ಎತ್ತರಕ್ಕೆ ನೆಟ್ಟಗೆ ಏಳುತ್ತದೆ, ಹೂವಿನ ಕಡ್ಡಿ ಅದಕ್ಕೂ ಮೇಲೆ ಹೋಗುತ್ತದೆ. ಬೇರು ಅಕ್ಕಪಕ್ಕಕ್ಕೆ ಹರಡದೆ ನೇರ ಕೆಳಗಿಳಿಯುತ್ತದೆ. ಒಳ್ಳೆಯ ಮಣ್ಣಿನಲ್ಲಿ 3 ಮೀಟರ್ ದಾಟುವುದೂ ಉಂಟು. ಆದ್ದರಿಂದ ತಳಪಾಯ, ಪೈಪುಗಳ ಭಯವಿಲ್ಲ. ವರ್ಷಕ್ಕೆ 700 ಮಿ.ಮೀ. ಆಸುಪಾಸಿನ ಮಳೆ, ಜನವರಿಯಿಂದ ಮೇವರೆಗೆ ಒಣಹವೆ, ಕೆಲವೆಡೆ ಸಾವಿರ ಅಡಿಗೂ ಆಳದ ಕೊಳವೆಬಾವಿಯ ಗಡಸು ನೀರು. ಇಷ್ಟನ್ನೂ ತಾಳಿಕೊಳ್ಳುವ ಎತ್ತರದ ಹುಲ್ಲು ಬೇರೆ ಸುಲಭಕ್ಕೆ ಸಿಗದು. ಇನ್ನೊಂದು ದೊಡ್ಡ ಗುಣವಿದೆ. ಉತ್ತರ ಭಾರತದ ಕಾಡು ಲಾವಂಚ ಬೀಜ ಕಟ್ಟುತ್ತದೆ. ದಕ್ಷಿಣದಲ್ಲಿ ಬೆಳೆಸುವ ಲಾವಂಚ ಬೀಜ ಕಟ್ಟುವುದೇ ಅಪರೂಪ, ತೆಂಡೆ, ಅಂದರೆ ಬುಡದಲ್ಲಿ ಒಡೆಯುವ ಮರಿ, ಬಿಡಿಸಿ ನೆಟ್ಟರಷ್ಟೇ ಹೆಚ್ಚುತ್ತದೆ. ನೆಟ್ಟ ಸಾಲು ನೆಟ್ಟಲ್ಲೇ ಇರುತ್ತದೆ. ಗುಂಡ್ಲುಪೇಟೆ ಸುತ್ತಿನ ರೈತರು ತಲೆಮಾರುಗಳಿಂದ ಇದನ್ನು ಹೊಲದ ಗಡಿಗೆ ನೆಟ್ಟುಕೊಂಡು ಬಂದದ್ದೂ ಈ ಗುಣಕ್ಕಾಗಿಯೇ. 1980ರ ದಶಕದಲ್ಲಿ ವಿಶ್ವಬ್ಯಾಂಕ್ ಮಣ್ಣಿನ ಸವಕಳಿ ತಡೆಯಲು ಲಾವಂಚದ ಬೇಲಿಯನ್ನು ದೇಶ ದೇಶಗಳಿಗೆ ಒಯ್ಯಲು ಹೊರಟಿತು. ಅಷ್ಟು ಹೊತ್ತಿಗೆ ನಮ್ಮ ರೈತರಿಗೆ ಅದು ಹಳೆಯ ಸಂಗತಿಯಾಗಿತ್ತು.

ನೆಡುವ ಕ್ರಮವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸೋಲುವವರೆಲ್ಲ ಸೋಲುವುದು ಇಲ್ಲಿಯೇ.

30 ಅಡಿ ಉದ್ದದ ಸಾಲಿಗೆ 2 ಅಡಿ ಅಗಲ, 1 ಅಡಿ ಆಳದ ಕಾಲುವೆ ತೆಗೆಯಿರಿ. ಗೋಡೆ ಪಕ್ಕದಲ್ಲೇ ನೆಡುವುದಾದರೆ ಗೋಡೆಗೂ ಮೊದಲ ಸಾಲಿಗೂ ಒಂದೂವರೆ ಅಡಿ ಜಾಗ ಇರಲಿ, ಇಲ್ಲದಿದ್ದರೆ ಆಮೇಲೆ ಕಸ ತೆಗೆಯಲು ಕೈ ಹೋಗುವುದಿಲ್ಲ. ಹೊಸ ಮನೆಗಳ ಹಿತ್ತಲಲ್ಲಿ ಮೇಲಿನ ಒಂದಡಿ ಮಣ್ಣೇ ಅಲ್ಲ. ಜಲ್ಲಿ, ಇಟ್ಟಿಗೆ ಚೂರು, ಸಿಮೆಂಟ್ ಚಕ್ಕೆ, ಬಣ್ಣದ ಡಬ್ಬಿಯ ಮುಚ್ಚಳ. ಅದನ್ನು ಹೊರಗೆ ಹಾಕಿ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಈ ಅಳತೆಗೆ ಗೊಬ್ಬರ ಸಿಮೆಂಟ್ ಚೀಲದ ಲೆಕ್ಕದಲ್ಲಿ ಸುಮಾರು 15 ಚೀಲ ಬೇಕಾಗುತ್ತದೆ. ಕೆಮ್ಮಣ್ಣಿನಲ್ಲಿ ಗೆದ್ದಲಿನ ಕಾಟ ಹೆಚ್ಚು, ಒಣಗಿದ ತೆಂಡೆಯನ್ನು ಅದು ಬುಡಸಮೇತ ತಿಂದುಬಿಡುತ್ತದೆ. 3 ಕೆ.ಜಿ. ಬೇವಿನ ಹಿಂಡಿಯನ್ನು ಮಣ್ಣಿನ ಜೊತೆಗೇ ಸೇರಿಸಿ. ಗರಿಕೆಯ ಬೇರು, ಕೊನ್ನಾರಿ ಗೆಡ್ಡೆ ಕಂಡರೆ ಒಂದೊಂದನ್ನೂ ಈಗಲೇ ಆರಿಸಿ ಬಿಸಾಡಬೇಕು. ಲಾವಂಚದ ಬುಡದೊಳಗೆ ಕೊನ್ನಾರಿ ಸೇರಿಕೊಂಡ ಮೇಲೆ ಎರಡನ್ನೂ ಬೇರೆ ಮಾಡುವುದು ಸಾಧ್ಯವಿಲ್ಲದ ಮಾತು.

ಸಾಲು ಎರಡಿರಲಿ, ನಡುವೆ 1 ಅಡಿ. ಸಾಲಿನಲ್ಲಿ 6 ಇಂಚಿಗೊಂದು ಸಸಿ, ಹಿಂದಿನ ಸಾಲಿನ ಸಸಿ ಮುಂದಿನ ಎರಡು ಸಸಿಗಳ ಸಂದಿಗೆ ಬರುವಂತೆ. ಸಾಲಿಗೆ 60ರಂತೆ 120 ಸಸಿ, ಸತ್ತದ್ದಕ್ಕೆ ತುಂಬಲು ಇನ್ನೊಂದು ಹತ್ತು ಹದಿನೈದು. ಅಗಲ ಬಿಟ್ಟು ನೆಟ್ಟರೆ ಬುಡ ತಾನೇ ಹರಡಿ ಕೂಡಿಕೊಳ್ಳುತ್ತದೆ ಎಂದು ಒಂದೂವರೆ ಅಡಿಗೆ ನೆಡುವವರಿದ್ದಾರೆ. ಲಾವಂಚ ಹರಡುವ ಹುಲ್ಲಲ್ಲ. ಬಿಟ್ಟ ಸಂದು ಮೂರು ವರ್ಷವಾದರೂ ಸಂದಾಗಿಯೇ ಉಳಿದು, ಆಚೆಯವರು ಕಾಣುತ್ತಲೇ ಇರುತ್ತಾರೆ.

ಸಸಿ ಎಂದರೆ ಎರಡು ಮೂರು ತೆಂಡೆ ಒಟ್ಟಿಗಿರುವ ಒಂದು ಹಿಡಿ. ಬಲಿತ ಬುಡವೊಂದನ್ನು ಹಾರೆಯಿಂದ ಮೀಟಿ ಎಬ್ಬಿಸಿ, ಮಣ್ಣು ಕೊಡವಿ ನೋಡಿ. ಎಲೆಗಳು ಬುಡದಲ್ಲಿ ಬೀಸಣಿಗೆ ಮಡಚಿದ ಹಾಗೆ ಚಪ್ಪಟೆಯಾಗಿ ಒಂದರೊಳಗೊಂದು ಕೂತಿರುತ್ತವೆ, ಅದರ ಕೆಳಗೆ ಗಟ್ಟಿಯಾದ ಬಿಳಿ ಗಂಟು. ಆ ಗಂಟಿನೊಂದಿಗೆ ಕೈಯಿಂದಲೇ ಬಿಡಿಸಬೇಕು, ಬಿಡದಿದ್ದರೆ ಮಚ್ಚಿನಿಂದ ಸೀಳಬಹುದು. ಗಂಟಿಲ್ಲದೆ ಕಿತ್ತುಬಂದ ತೆಂಡೆ ನೆಟ್ಟರೂ ಚಿಗುರದು. ಎಲೆಯನ್ನು 8 ಇಂಚಿಗೆ, ಬೇರನ್ನು 3 ಇಂಚಿಗೆ ಕತ್ತರಿಸಿ, ಸಗಣಿ ರಾಡಿಯಲ್ಲಿ ಅದ್ದಿ, ಒದ್ದೆ ಗೋಣಿಚೀಲದಲ್ಲಿ ನೆರಳಿನಲ್ಲಿಟ್ಟು ಎರಡು ದಿನದೊಳಗೆ ನೆಡಿ. ಉದ್ದ ಎಲೆ ಕತ್ತರಿಸಲು ಮನಸ್ಸು ಬರುವುದಿಲ್ಲ ನಿಜ. ಆದರೆ ಬೇರೇ ಇಲ್ಲದ ಸಸಿಗೆ ಅಷ್ಟು ಎಲೆ ಬಿಟ್ಟರೆ ಗಾಳಿಗೆ ನೀರೆಲ್ಲ ಆರಿ ವಾರದಲ್ಲಿ ಒಣಗುತ್ತದೆ. ಗಂಟು ಮಣ್ಣಿನಿಂದ ಒಂದಿಂಚು ಕೆಳಗಿರಲಿ. ಇನ್ನೂ ಆಳಕ್ಕೆ ಹೂತರೆ ಮಳೆಗೆ ಕೊಳೆಯುತ್ತದೆ, ಮೇಲಿದ್ದರೆ ಗೆದ್ದಲಿಗೆ ಊಟ. ಬಲಿತ ಬುಡ ಒಂದರಲ್ಲಿ 30ರಿಂದ 50 ತೆಂಡೆ ಸಿಗುವುದರಿಂದ ಪೂರ್ತಿ ಸಾಲಿಗೆ 10 ಬುಡವಿದ್ದರೆ ಸಾಕು. 130 ಕುಂಡ ಕೊಳ್ಳುವ ಅಗತ್ಯವೇ ಇಲ್ಲ.

ಕಾಲ ಬಹಳ ಮುಖ್ಯ. ನಮ್ಮಲ್ಲಿ ಮುಂಗಾರಿನ ಮೊದಲ ಮಳೆಗಳನ್ನು ನಂಬಿ ನೆಟ್ಟರೆ ನಡುವೆ ಎರಡು ಮೂರು ವಾರ ಒಣಗಾಳಿ ಬೀಸುವುದು ಮಾಮೂಲು. ಪುನರ್ವಸು, ಪುಷ್ಯ ಮಳೆಗಳ ಹೊತ್ತಿಗೆ, ಅಂದರೆ ಜುಲೈನಲ್ಲಿ ನೆಡುವುದು ಒಳ್ಳೆಯದು. ಮುಂದೆ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ ಮಳೆಗಳು ಬೇರಿಗೆ ಸಿಗುತ್ತವೆ. ಕಾರ್ತಿಕದ ಮೇಲೆ ನೆಟ್ಟದ್ದು ಬದುಕಿದರೂ ಬೇಸಿಗೆ ಮುಗಿಯುವವರೆಗೆ ಒಂದಡಿ ಮೀರುವುದಿಲ್ಲ. ಮೊದಲ ತಿಂಗಳು ದಿನ ಬಿಟ್ಟು ದಿನ 40–50 ಲೀಟರ್ ನೀರು ಇಡೀ ಸಾಲಿಗೆ, ಎರಡನೆಯ ತಿಂಗಳು ವಾರಕ್ಕೆರಡು ಸಲ, ಮಳೆ ಬಂದ ದಿನ ಬೇಡ. ವರ್ಷ ಕಳೆದ ಮೇಲೆ ಬೇಸಿಗೆಯಲ್ಲಿ 10–15 ದಿನಕ್ಕೊಮ್ಮೆ ಕೊಟ್ಟರೆ ಹಸಿರಾಗಿಯೇ ಇರುತ್ತದೆ. ಸ್ನಾನದ ನೀರು, ಪಾತ್ರೆ ತೊಳೆದ ನೀರು ಧಾರಾಳವಾಗಿ ಬಿಡಬಹುದು, ಬ್ಲೀಚಿಂಗ್ ಪುಡಿ ಬೆರೆತದ್ದು ಬೇಡ. ಫ್ಲೋರೈಡ್ ಕಾರಣಕ್ಕೆ ಈಗ ಮನೆಮನೆಯಲ್ಲೂ ಆರ್‌ಒ ಯಂತ್ರವಿದೆ. ಅದು ಹೊರಗೆ ಬಿಡುವ ಉಪ್ಪುನೀರನ್ನು ಅಷ್ಟೇ ಪ್ರಮಾಣದ ಸಾದಾ ನೀರು ಬೆರೆಸಿ ಕೊಟ್ಟರೆ ಲಾವಂಚ ತಡೆದುಕೊಳ್ಳುತ್ತದೆ. ಅದೇ ನೀರು ಬಿದಿರಿಗೆ ಬಿದ್ದರೆ ಎಲೆಯ ತುದಿಯಿಂದ ಸುಟ್ಟಂತೆ ಒಣಗುತ್ತ ಬರುತ್ತದೆ.

ಎರಡನೆಯ ಮಳೆಗಾಲ ಮುಗಿಯುವವರೆಗೆ ಪೂರ್ತಿ ಮರೆಯಾಗದು. ಅಷ್ಟರವರೆಗೆ ಏನು ಮಾಡುವುದು ಎಂದರೆ, ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುವಂತೆ ಲಾವಂಚದ ಉತ್ತರಕ್ಕೆ ಒಂದು ಸಾಲು ತೊಗರಿ ಬಿತ್ತಿ. ನವೆಂಬರ್ ಹೊತ್ತಿಗೆ ಆಳೆತ್ತರ ಬರುತ್ತದೆ, ಅವರೆಕಾಯಿ ಕಾಲಕ್ಕೆ ಮನೆಗೆ ಹಸಿ ತೊಗರಿಯೂ ಆಯಿತು. ದಕ್ಷಿಣಕ್ಕೆ ಬಿತ್ತಿದರೆ ನೆರಳು ಲಾವಂಚದ ಮೇಲೆ ಬೀಳುತ್ತದೆ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲಿಲ್ಲದಿದ್ದರೆ ಈ ಹುಲ್ಲು ತೆಳ್ಳಗಾಗಿ ಮಲಗುತ್ತದೆ. ಎರಡಂತಸ್ತಿನ ಮನೆಯ ಉತ್ತರದ ಹಿತ್ತಲು, ಮಾವು ತೆಂಗಿನ ಬುಡ, ಇಂಥಲ್ಲಿ ಹುಲ್ಲಿನ ಆಸೆ ಬಿಟ್ಟುಬಿಡಿ.

ನೆಟ್ಟ ಮೂರು ನಾಲ್ಕು ತಿಂಗಳಿಗೆ ಒಮ್ಮೆ ಒಂದೂವರೆ ಅಡಿಗೆ ಸವರಿದರೆ ತೆಂಡೆ ಹೆಚ್ಚಿ ಬುಡ ತುಂಬಿಕೊಳ್ಳುತ್ತದೆ. ಆಮೇಲೆ ವರ್ಷಕ್ಕೊಂದು ಕಟಾವು. ಸಂಕ್ರಾಂತಿ ಹೊತ್ತಿಗೆ ಒಣಗಿದಂತೆ ಕಂಡಿತೆಂದು ಕೊಯ್ದರೆ ಮಳೆ ಬರುವವರೆಗೆ ನಾಲ್ಕೈದು ತಿಂಗಳು ಹಿತ್ತಲು ಬಯಲಾಗುತ್ತದೆ. ಮುಂದಿನ ಸಾಲನ್ನು ಜೂನ್‌ನಲ್ಲಿ, ಹಿಂದಿನದನ್ನು ಆಗಸ್ಟ್‌ನಲ್ಲಿ ಕೊಯ್ದರೆ ಮರೆ ಒಂದು ದಿನವೂ ತಪ್ಪುವುದಿಲ್ಲ. ಎರಡು ಸಾಲು ಹಾಕಬೇಕೆನ್ನುವುದಕ್ಕೆ ಇದೂ ಒಂದು ಕಾರಣ. ಎಲೆಯ ಅಂಚು ಚರ್ಮ ಗೀರುತ್ತದೆ, ತುಂಬುತೋಳಿನ ಅಂಗಿ, ಕೈಗವಸು ಹಾಕಿಕೊಂಡೇ ಕುಡುಗೋಲು ಹಿಡಿಯಿರಿ. ಕೊಯ್ದ ಎಲೆಯನ್ನು ತೋಟದ ಬೇರೆ ಗಿಡಗಳ ಬುಡಕ್ಕೆ ಮುಚ್ಚಬಹುದು. ಯೂರಿಯಾ ಮಾತ್ರ ಹಾಕಬೇಡಿ. ಹಾಕಿದರೆ ಎಲೆ ಸೊಕ್ಕಿ ಬೆಳೆದು ಗಾಳಿಮಳೆಗೆ ನೆಲ ಹಿಡಿಯುತ್ತದೆ.

ಹುಲ್ಲು ಬೆಳೆಸಿದರೆ ಹಾವು ಬರುತ್ತದೆ ಎಂಬ ಭಯವನ್ನು ತಳ್ಳಿಹಾಕುವುದು ಸರಿಯಲ್ಲ. ಹಾವು ಬರುವುದು ಇಲಿ, ಕಪ್ಪೆಯ ಹಿಂದೆ. ಇಲಿ ಸೇರುವುದು ಬುಡದಲ್ಲಿ ಒಣಎಲೆ ಶೇಖರವಾದಾಗ, ಪಕ್ಕದಲ್ಲಿ ಉಳಿದ ಹೆಂಚು, ಸೈಜುಗಲ್ಲು ರಾಶಿ ಹಾಕಿದಾಗ. ಸಾಲಿನ ಎರಡೂ ಬದಿ ಒಂದಡಿ ನೆಲ ಬರಿದಾಗಿರಲಿ, ಒಣಎಲೆಯನ್ನು ತಿಂಗಳಿಗೊಮ್ಮೆ ಕುಂಟೆಯಿಂದ ಎಳೆದು ತೆಗೆಯಿರಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೆಂಕಿಯ ದೃಷ್ಟಿಯಿಂದಲೂ ಇದು ಬೇಕು. ನೀರೊಲೆಯ ಹತ್ತಿರ, ಕಸ ಸುಡುವ ಜಾಗದ ಹತ್ತಿರ ಯಾವ ಹುಲ್ಲನ್ನೂ ನೆಡಬಾರದು.

ಮಹಡಿಯ ಎತ್ತರಕ್ಕೆ ಮರೆ ಬೇಕೇಬೇಕು ಎನ್ನುವವರಿಗೆ ಬಿದಿರು. ಅದೂ ಹುಲ್ಲಿನ ಕುಲವೇ. ನರ್ಸರಿಯಲ್ಲಿ ‘ಗೋಲ್ಡನ್ ಬಿದಿರು’ ಎಂದು ಕೊಡುವ ಹಳದಿ ಬೊಂಬಿನ ಜಾತಿ ಎಳೆಯದಾಗಿದ್ದಾಗ ಮುದ್ದಾಗಿರುತ್ತದೆ, ಆಮೇಲೆ 40 ಅಡಿ ಏರುತ್ತದೆ. ಮನೆ ಹಿತ್ತಲಿಗೆ ಅದು ಬೇಡವೇ ಬೇಡ. ಬೇಲಿ ಬಿದಿರು ಎನ್ನುವ ಸಣ್ಣ ಎಲೆಯ, ಬೆರಳು ದಪ್ಪದ ಬೊಂಬಿನ ಬಾಂಬುಸಾ ಮಲ್ಟಿಪ್ಲೆಕ್ಸ್ ಕೇಳಿ. ನಮ್ಮ ನೀರಿಗೆ 10–15 ಅಡಿ ಬರುತ್ತದೆ, 3 ಅಡಿಗೊಂದು ನೆಟ್ಟರೆ ಮೂರನೆಯ ವರ್ಷಕ್ಕೆ ಕೂಡಿಕೊಳ್ಳುತ್ತದೆ. ಹೆಸರನ್ನು ನಂಬದೆ ಕುಂಡವನ್ನು ಎತ್ತಿ ನೋಡಿ. ಹೊಸ ಕಳಲೆ ಹಳೆಯ ಬೊಂಬಿಗೆ ಒತ್ತಿಕೊಂಡು ಎದ್ದಿದ್ದರೆ ಅದು ಮೆಳೆ ಕಟ್ಟುವ ಜಾತಿ, ತರಬಹುದು. ಕುಂಡದ ಅಂಚಿನಲ್ಲಿ ಅಥವಾ ತಳದ ತೂತಿನಿಂದ ಉದ್ದನೆಯ ಗೆಣ್ಣುಬೇರು ಇಣುಕುತ್ತಿದ್ದರೆ ಅದು ನೆಲದಡಿ ಓಡುವ ಜಾತಿ. ಅದು ಕಾಂಪೌಂಡಿನ ಅಡಿಯಿಂದ ಪಕ್ಕದವರ ಅಂಗಳಕ್ಕೆ ಹೋಗುತ್ತದೆ, ಮರೆಗೆಂದು ನೆಟ್ಟದ್ದು ಜಗಳಕ್ಕೆ ದಾರಿಯಾಗುತ್ತದೆ. ಸಂಪು, ಶೌಚಗುಂಡಿಯಿಂದ ಕನಿಷ್ಠ 5 ಅಡಿ ದೂರವಿರಲಿ. ಮೊದಲ ಮೂರು ವರ್ಷ ಬೊಂಬು ಕಡಿಯಬೇಡಿ, ಆಮೇಲೆ ಬಲಿತು ಮಂಕಾದವನ್ನು ಮಾತ್ರ ಬುಡದಿಂದ ತೆಗೆಯುತ್ತ ಬನ್ನಿ. ಸ್ವಂತ ಜಾಗದ ಬಿದಿರು ಕಡಿಯಲೂ ಅರಣ್ಯ ಇಲಾಖೆಯ ಅಪ್ಪಣೆ ಬೇಕೇನೋ ಎಂದು ಅಳುಕುವವರಿದ್ದಾರೆ. 2017ರ ತಿದ್ದುಪಡಿಯಲ್ಲಿ ಭಾರತೀಯ ಅರಣ್ಯ ಕಾಯ್ದೆಯ ‘ಮರ’ದ ವ್ಯಾಖ್ಯೆಯಿಂದ ಬಿದಿರನ್ನು ಕೈಬಿಡಲಾಗಿದೆ. ಆದರೂ ನಮ್ಮ ರಾಜ್ಯದ ನಿಯಮ ಏನೆಂದು ಇಲಾಖೆಯಲ್ಲಿ ಒಮ್ಮೆ ಕೇಳಿಕೊಳ್ಳಿ. ನೀರು ಮಾತ್ರ ಲಾವಂಚದ ಹಲವು ಪಟ್ಟು ಬೇಕು. ಟ್ಯಾಂಕರ್ ನೀರಿನ ಮನೆಯವರು ಯೋಚಿಸಿ.

ಮಜ್ಜಿಗೆ ಹುಲ್ಲು 3–4 ಅಡಿಯಷ್ಟೇ. ಕೂತವರ ಮರೆಗೆ, ಅಥವಾ ಲಾವಂಚದ ಮುಂದೆ ಒಂದು ಸಾಲಾಗಿ ಚೆನ್ನ. ಮೂರು ವರ್ಷಕ್ಕೊಮ್ಮೆ ಬುಡ ಬಿಡಿಸಿ ನೆಡದಿದ್ದರೆ ನಡುವೆ ಒಣಗಿ ಟೊಳ್ಳಾಗುತ್ತದೆ. ಅದು ಬಾಗಿಲಲ್ಲಿದ್ದರೆ ಸೊಳ್ಳೆ ಬರುವುದಿಲ್ಲ ಎಂಬುದು ನಿಜವಲ್ಲ. ಸೊಳ್ಳೆ ದೂರವಿಡುವುದು ಇಂಥ ಹುಲ್ಲುಗಳಿಂದ ಇಳಿಸಿದ ಎಣ್ಣೆ, ನಿಂತ ಗಿಡವಲ್ಲ. ಮನೆಯಲ್ಲಿ ಹಸುವಿದ್ದರೆ ಮೇವಿನ ನೇಪಿಯರ್ ಹುಲ್ಲು ಹಾಕಿ, ಸಾಲನ್ನು ಎರಡು ಭಾಗ ಮಾಡಿ ಸರದಿಯಲ್ಲಿ ಕೊಯ್ಯಿರಿ. ಹಿತ್ತಲು ಬರೀ ಮೂರಡಿಯದಾದರೆ ಹುಲ್ಲಿನ ಬದಲು ತಂತಿಜಾಲರಿಗೆ ತೊಂಡೆಯನ್ನೋ ಶಂಖಪುಷ್ಪವನ್ನೋ ಹಬ್ಬಿಸುವುದೇ ಸರಿ.

ಇನ್ನು ಬೇಡವಾದವು. ಬೆಳ್ಳಿಯ ಚಾಮರದಂಥ ತೆನೆಯ ಪಂಪಾಸ್ ಹುಲ್ಲು ದಕ್ಷಿಣ ಅಮೆರಿಕದ್ದು. ಎಲೆಯಂಚು ಗರಗಸದಂತಿದೆ, ಮಕ್ಕಳಾಡುವ ಹಿತ್ತಲಿಗೆ ಹೇಳಿದ್ದಲ್ಲ. ಕ್ಯಾಲಿಫೋರ್ನಿಯಾ, ಸ್ಪೇನ್, ನ್ಯೂಜಿಲೆಂಡ್‌ಗಳಲ್ಲಿ ಅಲಂಕಾರಕ್ಕೆಂದು ತಂದದ್ದು ಗಾಳಿಗೆ ಬೀಜ ಹಾರಿ ಬಯಲು ತುಂಬಿ ಈಗ ಕೀಳಿಸುವುದೇ ಕೆಲಸವಾಗಿದೆ. ಫೌಂಟನ್ ಹುಲ್ಲಿನಲ್ಲಿ ಎರಡು ಬಗೆ. ಕೆಂಗಂದು ಬಣ್ಣದ ರೂಬ್ರಮ್ ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲ, 3–4 ಅಡಿ ಬೆಳೆಯುತ್ತದೆ, ಚೆಂದಕ್ಕೆ ನಾಲ್ಕು ಬುಡ ಇಟ್ಟುಕೊಳ್ಳಬಹುದು. ಹಸಿರು ಎಲೆಯದು ಮಾತ್ರ ಯಾವ ಕಾರಣಕ್ಕೂ ಬೇಡ. ಒಣ ಸೀಮೆಯಲ್ಲೇ ಅದು ಹೆಚ್ಚು ಹಬ್ಬುವುದು. ಹವಾಯಿ, ಅರಿಜೋನಾಗಳಲ್ಲಿ ಗುಡ್ಡ ಹತ್ತಿ, ಒಣಗಿ, ಕಾಳ್ಗಿಚ್ಚಿಗೆ ಸೌದೆಯಾಗಿದೆ. ಬೇಸಿಗೆಯಲ್ಲಿ ಅಂತರಗಂಗೆ, ನಂದಿ, ದೇವರಾಯನದುರ್ಗ ಬೆಟ್ಟಗಳ ಸುತ್ತಿನ ಒಣಹುಲ್ಲು ಹೊತ್ತಿಕೊಳ್ಳುವ ನಮ್ಮಂಥ ಕಡೆ ಇಂಥ ಬೀಜವನ್ನು ಗಾಳಿಗೆ ಬಿಡುವುದು ದೊಡ್ಡ ತಪ್ಪು. ಬಿಳಿ ಪಟ್ಟೆಯ ಅರುಂಡೊ, ಕೆಂಪು ತುದಿಯ ‘ಬ್ಲಡ್ ಗ್ರಾಸ್’ ಎರಡೂ ನೆಲದಡಿ ಓಡುವಂಥವು. ಎರಡರ ಮೂಲ ಜಾತಿಗಳೂ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ತಜ್ಞರು ಹೆಸರಿಸಿದ ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿವೆ. ಅದೇ ಪಟ್ಟಿಯಲ್ಲಿರುವ ಲಂಟಾನ ಪೊದೆ ಕೂಡ 19ನೇ ಶತಮಾನದ ಆರಂಭದಲ್ಲಿ ತೋಟದ ಚೆಂದಕ್ಕೆಂದು ನಮ್ಮ ದೇಶಕ್ಕೆ ಬಂದದ್ದು. ಅದರ ಗತಿ ಏನಾಯಿತೆಂದು ನಮ್ಮ ಯಾವ ಬೆಟ್ಟಕ್ಕೆ ಹೋದರೂ ಕಣ್ಣಿಗೆ ಕಾಣುತ್ತದೆ.

ತಮ್ಮ ಪತ್ರಿಕೆಯ ಮೂಲಕ ಎರಡು ಕೋರಿಕೆ. ನರ್ಸರಿಯವರು ಕುಂಡದ ಮೇಲೆ ಬೆಲೆಯ ಜೊತೆಗೆ ಹುಲ್ಲಿನ ಸಸ್ಯಶಾಸ್ತ್ರೀಯ ಹೆಸರು, ಬೆಳೆಯುವ ಎತ್ತರ, ಬೀಜ ಕಟ್ಟುತ್ತದೆಯೇ ಇಲ್ಲವೇ ಎಂಬ ಮೂರನ್ನು ಕನ್ನಡದಲ್ಲಿ ಬರೆಯಲಿ. ನಗರಸಭೆಗಳು ಉದ್ಯಾನ, ರಸ್ತೆ ವಿಭಜಕಗಳಿಗೆ ಗಿಡ ಕೊಳ್ಳುವಾಗಲೂ ಇದನ್ನೇ ಕೇಳಲಿ. ಎರಡನೆಯದು, ಕೋಲಾರದ ತಮಕ, ತುಮಕೂರಿನ ಹಿರೇಹಳ್ಳಿ ಮತ್ತು ಚಿಂತಾಮಣಿ ಬಳಿಯ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರಗಳು, ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳು ದಕ್ಷಿಣದ ಲಾವಂಚದ ತೆಂಡೆಯನ್ನು ಜುಲೈ ತಿಂಗಳಲ್ಲಿ ಹತ್ತಿಪ್ಪತ್ತರ ಕಟ್ಟುಗಳಾಗಿ ಮನೆಯವರಿಗೂ ಕೊಡುವಂತಾಗಲಿ. ಎಕರೆಗಟ್ಟಲೆ ಬೆಳೆಯುವವರ ಲೆಕ್ಕದಲ್ಲಿ ಸಾವಿರ ಸಾವಿರ ತೆಂಡೆ ಮಾರಿದರೆ 30 ಅಡಿ ಹಿತ್ತಲಿನವರು ಮತ್ತೆ ಪಂಪಾಸ್ ಕುಂಡದ ಮುಂದೆಯೇ ಹೋಗಿ ನಿಲ್ಲುತ್ತಾರೆ.

ಇತಿ,
ತೋಟದ ಕೆಲಸ ಬಲ್ಲ ಓದುಗರು,
ಕೋಲಾರ